ಗಣಕ ವ್ಯವಸ್ಥೆಯ ನಿರ್ವಾಹಕರ ಅಧಿಕಾರಕ್ಕೆ ಮಿತಿ: ಲಿಖಿತ ಕಡತದ ವಿಧಾನ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಪರವಾನಗಿ, ನೋಂದಣಿ, ಪ್ರಮಾಣಪತ್ರ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ಹೆಸರು, ವಿಳಾಸ, ಬ್ಯಾಂಕ್ ಖಾತೆ ಹಾಗೂ ಆಸ್ತಿಯ ವಿವರಗಳನ್ನು ಗಣಕ ವ್ಯವಸ್ಥೆಗಳಿಗೆ ಒಪ್ಪಿಸುತ್ತಾರೆ. ಪೀಣ್ಯದ ಸಣ್ಣ ಕೈಗಾರಿಕಾ ಘಟಕಗಳು ಕಾರ್ಮಿಕರ ಹಾಜರಿ, ವೇತನ ಮತ್ತು ಭವಿಷ್ಯ ನಿಧಿಯ ಲೆಕ್ಕಗಳನ್ನು, ಎಲೆಕ್ಟ್ರಾನಿಕ್ ಸಿಟಿ ಹಾಗೂ ವೈಟ್‌ಫೀಲ್ಡ್‌ನ ತಂತ್ರಾಂಶ ಸಂಸ್ಥೆಗಳು ಗ್ರಾಹಕರ ದತ್ತಾಂಶವನ್ನು ಇಂತಹ ವ್ಯವಸ್ಥೆಗಳಲ್ಲಿಯೇ ಇರಿಸುತ್ತವೆ. ಈ ವ್ಯವಸ್ಥೆಗಳ ಬೀಗದ ಕೈ ಯಾರ ಬಳಿ ಇದೆ, ಅವರು ಅದನ್ನು ಒಬ್ಬರೇ ಬಳಸಬಹುದೇ, ಬಳಸಿದ್ದಕ್ಕೆ ದಾಖಲೆ ಉಳಿಯುತ್ತದೆಯೇ ಎಂಬುದು ಅರ್ಜಿದಾರರಿಗೂ ಉದ್ಯಮಿಗಳಿಗೂ ಸಂಬಂಧಿಸಿದ ವಿಷಯವಾಗಿದೆ.

ಸದರಿ ಅಧಿಕಾರವನ್ನು ಲಿಖಿತ ಕಡತದ ಮೂಲಕ ಮಿತಿಗೊಳಿಸುವ ವಿಧಾನವನ್ನು, ಅಂದರೆ ‘ಇನ್‌ಫ್ರಾಸ್ಟ್ರಕ್ಚರ್ ಆಸ್ ಕೋಡ್’ ಎಂಬ ಪದ್ಧತಿಯನ್ನು, ಈ ಪುಟದಲ್ಲಿ ವಿವರಿಸಲಾಗಿದೆ.

1. ನಿರ್ವಾಹಕರೆಂದರೆ ಯಾರು?

ಸರ್ವರ್, ದತ್ತಾಂಶ ಕೋಶ ಮತ್ತು ಜಾಲವನ್ನು ಸ್ಥಾಪಿಸುವ, ಬದಲಿಸುವ ಹಾಗೂ ತೆಗೆದುಹಾಕುವ ಅಧಿಕಾರವುಳ್ಳವರನ್ನು ನಿರ್ವಾಹಕರು ಅಥವಾ ಅಡ್ಮಿನ್ ಎನ್ನಲಾಗುತ್ತದೆ. ಅರ್ಜಿ ಸ್ವೀಕರಿಸುವ ಸಿಬ್ಬಂದಿಗೆ ತಮ್ಮ ಪರದೆಯಲ್ಲಿ ಕಾಣುವಷ್ಟು ಮಾತ್ರ ಲಭ್ಯವಿರುತ್ತದೆ. ಪೂರ್ಣ ಅಧಿಕಾರವುಳ್ಳ ನಿರ್ವಾಹಕರು ಪರದೆಯ ಹಿಂದಿನಿಂದ ಯಾವ ದಾಖಲೆಯನ್ನಾದರೂ ತೆರೆಯಬಲ್ಲರು, ಬೇರೆಯವರಿಗೆ ಅಧಿಕಾರ ನೀಡಬಲ್ಲರು, ತಾವು ಮಾಡಿದ ಕೆಲಸದ ಗುರುತನ್ನೂ ಅಳಿಸಬಲ್ಲರು.

ಕ್ಲೌಡ್ ಸೇವೆಗಳು ಬಂದ ನಂತರ ಈ ಅಧಿಕಾರದ ವ್ಯಾಪ್ತಿ ಹಿಗ್ಗಿದೆ. ಹಿಂದೆ ಯಂತ್ರವನ್ನು ಹಾಳುಮಾಡಲು ಯಂತ್ರದ ಕೋಣೆಗೆ ಹೋಗಬೇಕಾಗಿತ್ತು. ಇಂದು ಒಂದು ಗುಪ್ತಪದವಿದ್ದಲ್ಲಿ ನೂರಾರು ಸರ್ವರುಗಳನ್ನು ಮನೆಯಿಂದಲೇ ಅಳಿಸಬಹುದು.

2. ಅಪರಿಮಿತ ಅಧಿಕಾರದಿಂದ ಆದ ಹಾನಿ: ಎರಡು ಪ್ರಕರಣಗಳು

(ಅ) ಬೆಂಗಳೂರಿನಲ್ಲಿಯೂ ದೊಡ್ಡ ಕೇಂದ್ರ ಹೊಂದಿರುವ ಸಿಸ್ಕೊ ಸಂಸ್ಥೆಯ ಅಮೆರಿಕದ ಮಾಜಿ ಎಂಜಿನಿಯರೊಬ್ಬರು, ಕೆಲಸ ಬಿಟ್ಟ ಐದು ತಿಂಗಳ ನಂತರ, ಸೆಪ್ಟೆಂಬರ್ 2018ರಲ್ಲಿ ಸಂಸ್ಥೆಯ ಕ್ಲೌಡ್ ವ್ಯವಸ್ಥೆಯನ್ನು ಪ್ರವೇಶಿಸಿ 456 ವರ್ಚುವಲ್ ಸರ್ವರುಗಳನ್ನು ಅಳಿಸಿದರು. ವೆಬೆಕ್ಸ್ ಟೀಮ್ಸ್ ಸೇವೆಯ 16,000ಕ್ಕೂ ಹೆಚ್ಚು ಖಾತೆಗಳು ಸ್ಥಗಿತಗೊಂಡು, ಪೂರ್ಣ ಚೇತರಿಕೆಗೆ ಎರಡು ವಾರಗಳವರೆಗೆ ಹಿಡಿಯಿತು. ಅಮೆರಿಕದ ನ್ಯಾಯಾಲಯವು 2020ರಲ್ಲಿ ಅವರಿಗೆ 24 ತಿಂಗಳ ಸೆರೆವಾಸ ವಿಧಿಸಿತು.

(ಆ) ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ದಿನಾಂಕ 31-01-2017ರಂದು ದುರಸ್ತಿಯಲ್ಲಿ ತೊಡಗಿದ್ದ ಎಂಜಿನಿಯರೊಬ್ಬರು ಕಣ್ತಪ್ಪಿನಿಂದ ಬೇರೆ ಸರ್ವರಿನ ಬದಲು ಮುಖ್ಯ ಸರ್ವರಿನ ದತ್ತಾಂಶವನ್ನು ಅಳಿಸಿದರು. ಸುಮಾರು ಆರು ಗಂಟೆಗಳ ಅವಧಿಯ ದತ್ತಾಂಶ ಮರಳಿ ದೊರೆಯಲಿಲ್ಲ.

ಮೊದಲನೆಯದರಲ್ಲಿ ದುರುದ್ದೇಶವಿತ್ತು. ಎರಡನೆಯದರಲ್ಲಿ ಇರಲಿಲ್ಲ. ಆದರೆ ಎರಡರಲ್ಲಿಯೂ ಒಬ್ಬ ವ್ಯಕ್ತಿಯ ಕೈ ಮತ್ತು ಸಾರ್ವಜನಿಕರ ದತ್ತಾಂಶದ ನಡುವೆ ಮತ್ತೊಬ್ಬರ ಅನುಮೋದನೆ ಇರಲಿಲ್ಲ ಎಂಬುದನ್ನು ಗಮನಿಸತಕ್ಕದ್ದು.

3. ನಮ್ಮ ರಾಜ್ಯದ ಅನುಭವ: ಭೂಮಿ ಯೋಜನೆ

ಅಧಿಕಾರವನ್ನು ವ್ಯವಸ್ಥೆಯ ಮೂಲಕವೇ ಮಿತಿಗೊಳಿಸುವುದು ಕರ್ನಾಟಕಕ್ಕೆ ಹೊಸತಲ್ಲ. ಕೈಬರಹದ ಕಾಲದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು ತಲಾ ಮೂರು ನಾಲ್ಕು ಗ್ರಾಮಗಳ ಪಹಣಿ ವಹಿಗಳನ್ನು ತಮ್ಮ ಸ್ವಾಧೀನದಲ್ಲಿ ಇರಿಸಿಕೊಂಡಿದ್ದರು. ವಹಿ, ಲೇಖನಿ ಮತ್ತು ಪ್ರತಿ ನೀಡುವ ಅಧಿಕಾರ ಮೂರೂ ಒಬ್ಬರ ಬಳಿಯೇ ಇದ್ದುದರಿಂದ, ತಿದ್ದುಪಡಿಯಾದಲ್ಲಿ ಯಾರು, ಯಾವಾಗ, ಯಾವ ಆಧಾರದ ಮೇಲೆ ಮಾಡಿದರೆಂದು ರೈತನಿಗೆ ತಿಳಿಯುವ ದಾರಿ ಕಡಿಮೆಯಿತ್ತು.

2000ದ ಆಸುಪಾಸಿನಲ್ಲಿ ಜಾರಿಗೆ ಬಂದ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ದೊರೆಯುವಂತಾದುದು ಸಾರ್ವಜನಿಕರ ಕಣ್ಣಿಗೆ ಕಂಡ ಬದಲಾವಣೆ. ಕಣ್ಣಿಗೆ ಕಾಣದ ಬದಲಾವಣೆಗಳು ಅಷ್ಟೇ ಮುಖ್ಯವಾದವು:

• ವ್ಯವಸ್ಥೆಯನ್ನು ಪ್ರವೇಶಿಸುವ ಸಿಬ್ಬಂದಿಯ ಬೆರಳಚ್ಚು ಪರಿಶೀಲನೆ ಮಾಡಲಾಯಿತು. ಇದರಿಂದ ಗುಪ್ತಪದವನ್ನು ಬೇರೆಯವರು ಬಳಸಿದರೆಂದು ಹೇಳುವ ಅವಕಾಶ ತಪ್ಪಿತು.
• ಹಕ್ಕು ಬದಲಾವಣೆಯ ಅರ್ಜಿಗಳು ಸರದಿಯಂತೆಯೇ ಮುಂದುವರಿಯುವ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು.
• ದಾಖಲೆ ನಮೂದಿಸುವವರು ಮತ್ತು ಹಕ್ಕು ಬದಲಾವಣೆಗೆ ಆದೇಶ ನೀಡುವವರು ಬೇರೆ ಬೇರೆಯಾಗಿದ್ದು, ಆದೇಶದ ಪ್ರತಿಯನ್ನು ಸ್ಕ್ಯಾನ್ ಮಾಡಿ ಇರಿಸಲಾಯಿತು.
• ಯಾರು ಯಾವ ಬದಲಾವಣೆ ಮಾಡಿದರೆಂಬ ದಾಖಲೆ ವ್ಯವಸ್ಥೆಯಲ್ಲಿ ಉಳಿಯಿತು.

ಇದರಿಂದ ಕೌಂಟರಿನಲ್ಲಿರುವವರ ಅಧಿಕಾರ ಮಿತಿಗೊಂಡಿತು. ಆದರೆ ಯಾವುದೇ ಗಣಕೀಕೃತ ವ್ಯವಸ್ಥೆಯಲ್ಲಿ ಕೌಂಟರಿನ ಹಿಂದೆ ಸರ್ವರ್ ಇರುತ್ತದೆ, ಸರ್ವರಿಗೆ ನಿರ್ವಾಹಕರಿರುತ್ತಾರೆ. ವಹಿಯು ಗ್ರಾಮದಿಂದ ಸರ್ವರಿಗೆ ಬಂದಾಗ ಲೇಖನಿಯೂ ಅದರೊಡನೆ ಬಂದಿತೆಂದು ತಿಳಿಯಬೇಕು. ಆದುದರಿಂದ ಅದೇ ನಿಯಮವನ್ನು ನಿರ್ವಾಹಕರಿಗೂ ಅನ್ವಯಿಸುವುದು ಅವಶ್ಯಕ.

4. ಲಿಖಿತ ಕಡತದ ವಿಧಾನ ಎಂದರೇನು?

ಸಾಮಾನ್ಯ ಪದ್ಧತಿಯಲ್ಲಿ ನಿರ್ವಾಹಕರು ಕ್ಲೌಡ್ ಸೇವೆಯ ಪರದೆಯನ್ನು ತೆರೆದು, ಗುಂಡಿಗಳನ್ನು ಒತ್ತಿ ಬದಲಾವಣೆ ಮಾಡುತ್ತಾರೆ. ಇದಕ್ಕೆ ಮುಂಚಿತ ಅನುಮೋದನೆ ಇರುವುದಿಲ್ಲ. ಬದಲಾವಣೆಯ ಕಾರಣವೂ ಎಲ್ಲಿಯೂ ದಾಖಲಾಗುವುದಿಲ್ಲ.

ಲಿಖಿತ ಕಡತದ ವಿಧಾನದಲ್ಲಿ, ಎಷ್ಟು ಸರ್ವರುಗಳಿರಬೇಕು, ಯಾರಿಗೆ ಯಾವ ಅಧಿಕಾರವಿರಬೇಕು ಎಂಬುದನ್ನು ಪಠ್ಯ ಕಡತದಲ್ಲಿ ಬರೆಯಲಾಗುತ್ತದೆ. 2014ರಲ್ಲಿ ಬಿಡುಗಡೆಯಾದ ಟೆರಾಫಾರ್ಮ್, ಅದರಿಂದ 2023ರಲ್ಲಿ ಕವಲೊಡೆದ ಓಪನ್‌ಟೋಫು ಹಾಗೂ ಅಮೆಜಾನ್‌ನ ಕ್ಲೌಡ್‌ಫಾರ್ಮೇಷನ್ ಇದಕ್ಕೆ ಬಳಕೆಯಲ್ಲಿರುವ ತಂತ್ರಾಂಶಗಳು. ಕ್ರಮವು ಸರ್ಕಾರಿ ಕಚೇರಿಯ ಕಡತ ನಿರ್ವಹಣೆಯನ್ನೇ ಹೋಲುತ್ತದೆ:

(1) ಪ್ರಸ್ತಾವನೆ: ಬೇಕಾದ ಬದಲಾವಣೆಯನ್ನು ನಿರ್ವಾಹಕರು ಕಡತದಲ್ಲಿ ಬರೆದು ಕಾರಣ ನಮೂದಿಸುತ್ತಾರೆ.
(2) ಮುನ್ನೋಟ: ‘ಪ್ಲಾನ್’ ಎಂಬ ಹಂತದಲ್ಲಿ ಏನು ಸೇರ್ಪಡೆಯಾಗುವುದು, ಏನು ಬದಲಾಗುವುದು, ಏನು ಅಳಿಯುವುದು ಎಂಬ ಪಟ್ಟಿಯನ್ನು ತಂತ್ರಾಂಶ ತೋರಿಸುತ್ತದೆ. ಈ ಹಂತದಲ್ಲಿ ಯಾವುದೂ ಬದಲಾಗುವುದಿಲ್ಲ.
(3) ಅನುಮೋದನೆ: ಎರಡನೆಯ ವ್ಯಕ್ತಿ ಪಟ್ಟಿಯನ್ನು ಓದಿ ಒಪ್ಪಿಗೆ ನೀಡುತ್ತಾರೆ ಅಥವಾ ಹಿಂದಿರುಗಿಸುತ್ತಾರೆ. ಬರೆದವರೇ ಒಪ್ಪಿಗೆ ನೀಡುವಂತಿಲ್ಲ.
(4) ಜಾರಿ: ಒಪ್ಪಿಗೆಯಾದ ಬದಲಾವಣೆಯನ್ನು ಸ್ವಯಂಚಾಲಿತ ವ್ಯವಸ್ಥೆ ಜಾರಿಗೊಳಿಸುತ್ತದೆ. ವ್ಯಕ್ತಿಯ ಖಾತೆಗೆ ನೇರ ಜಾರಿಯ ಅಧಿಕಾರ ಇರುವುದಿಲ್ಲ.
(5) ದಾಖಲೆ: ಕಡತದ ಪ್ರತಿಯೊಂದು ಆವೃತ್ತಿಯೂ ಹೆಸರು, ದಿನಾಂಕ ಸಹಿತ ಉಳಿಯುತ್ತದೆ.

ಮನುಷ್ಯರ ಖಾತೆಗಳಿಗೆ ಸಾಮಾನ್ಯವಾಗಿ ವೀಕ್ಷಣೆಯ ಅಧಿಕಾರ ಮಾತ್ರ ಉಳಿಯುವುದು ಈ ವಿಧಾನದ ತಿರುಳು. ಕೆಲಸಕ್ಕೆ ಅಗತ್ಯವಾದಷ್ಟೇ ಅಧಿಕಾರ ನೀಡಬೇಕೆಂಬ ತತ್ತ್ವವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿಯೇ ನಿರೂಪಿಸಿದ್ದರು. ಸದರಿ ತತ್ತ್ವವನ್ನು ಬಾಯಿಮಾತಿನ ಸೂಚನೆಯಾಗಿ ಬಿಡದೆ, ಪರಿಶೀಲಿಸಬಹುದಾದ ಬರಹವಾಗಿಸುವುದು ಕಡತದ ವಿಧಾನದ ಪ್ರಯೋಜನ.

5. ಸಣ್ಣ ಘಟಕಗಳು ಅನುಸರಿಸಬಹುದಾದ ಕ್ರಮಗಳು

ಉದಾಹರಣೆಗೆ, ನಲವತ್ತು ಕಾರ್ಮಿಕರಿರುವ ಬಿಡಿಭಾಗ ತಯಾರಿಕಾ ಘಟಕವೊಂದರ ಲೆಕ್ಕಪತ್ರ ಕ್ಲೌಡ್‌ನಲ್ಲಿದ್ದು, ಅದನ್ನು ಗುತ್ತಿಗೆಯ ನಿರ್ವಾಹಕರೊಬ್ಬರು ನೋಡಿಕೊಳ್ಳುತ್ತಿದ್ದಾರೆಂದು ಭಾವಿಸೋಣ. ಮಾಲೀಕರು ಈ ಕೆಳಕಂಡ ಕ್ರಮಗಳನ್ನು ಕೈಗೊಳ್ಳಬಹುದು:

• ಕ್ಲೌಡ್ ಖಾತೆಯು ಘಟಕದ ಹೆಸರಿನಲ್ಲಿ ಹಾಗೂ ಘಟಕದ ಇ-ಮೇಲ್ ವಿಳಾಸದಲ್ಲಿ ಇರತಕ್ಕದ್ದು. ನಿರ್ವಾಹಕರ ಸ್ವಂತ ವಿಳಾಸದಲ್ಲಿ ಇದ್ದಲ್ಲಿ ಮೊದಲು ಅದನ್ನು ಬದಲಾಯಿಸತಕ್ಕದ್ದು.
• ಎಲ್ಲಕ್ಕಿಂತ ಮೇಲಿನ ‘ರೂಟ್’ ಖಾತೆಗೆ ಎರಡು ಹಂತದ ದೃಢೀಕರಣ ಅಳವಡಿಸಿ, ದಿನನಿತ್ಯದ ಕೆಲಸಕ್ಕೆ ಅದನ್ನು ಬಳಸದಿರುವುದು.
• ತಾಂತ್ರಿಕ ಜ್ಞಾನವಿಲ್ಲದ ಮಾಲೀಕರೂ ಮುನ್ನೋಟದ ಕೊನೆಯ ಸಾಲನ್ನು ಓದಬಹುದು. ಸೇರ್ಪಡೆ ಎಷ್ಟು, ಬದಲಾವಣೆ ಎಷ್ಟು, ಅಳಿಸುವಿಕೆ ಎಷ್ಟು ಎಂಬ ಮೂರು ಸಂಖ್ಯೆಗಳು ಅಲ್ಲಿರುತ್ತವೆ. ಅಳಿಸುವಿಕೆಯ ಸಂಖ್ಯೆ ಸೊನ್ನೆಯಲ್ಲದಿದ್ದಲ್ಲಿ ವಿವರಣೆ ಪಡೆಯದೆ ಒಪ್ಪಿಗೆ ನೀಡಬಾರದು.
• ನಿರ್ವಾಹಕರು ಕೆಲಸ ಬಿಟ್ಟ ದಿನವೇ ಅವರ ಹೆಸರನ್ನು ಕಡತದಿಂದ ತೆಗೆದು ಜಾರಿಗೊಳಿಸುವುದು ಹಾಗೂ ಅವರಿಗೆ ತಿಳಿದಿದ್ದ ಎಲ್ಲ ಗುಪ್ತಪದ, ಕೀಲಿಗಳನ್ನು ಬದಲಾಯಿಸುವುದು.
• ದತ್ತಾಂಶದ ಒಂದು ಪ್ರತಿಯನ್ನು ಅದೇ ನಿರ್ವಾಹಕರು ಅಳಿಸಲಾಗದ ಬೇರೊಂದು ಖಾತೆಯಲ್ಲಿ ಇರಿಸಿ, ಅದು ಮರಳಿ ತೆರೆಯುತ್ತದೆಯೇ ಎಂದು ಆಗಾಗ್ಗೆ ಪರೀಕ್ಷಿಸುವುದು.

ತುರ್ತು ಸಂದರ್ಭ: ಮಧ್ಯರಾತ್ರಿ ಸೇವೆ ನಿಂತಾಗ ಅನುಮೋದನೆಗೆ ಕಾಯಲಾಗದಿರಬಹುದು. ಇದಕ್ಕಾಗಿ ಪ್ರತ್ಯೇಕ ತುರ್ತು ಖಾತೆಯೊಂದನ್ನು ಇರಿಸಿ, ಅದರ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ಬಳಿ ಇಡಬಹುದು. ಖಾತೆ ಬಳಕೆಯಾದ ಕೂಡಲೇ ಎಲ್ಲ ಜವಾಬ್ದಾರರಿಗೆ ಸಂದೇಶ ಹೋಗುವಂತಿರಬೇಕು. ಮರುದಿನ ಬದಲಾವಣೆಯನ್ನು ಕಡತದಲ್ಲಿ ನಮೂದಿಸಿ ಗುಪ್ತಪದವನ್ನು ಬದಲಿಸತಕ್ಕದ್ದು.

6. ಈ ವಿಧಾನದ ದೋಷಗಳು

ಕಡತ ಬರೆದ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ. ಈ ಕೆಳಕಂಡ ಅಂಶಗಳನ್ನು ಕಡೆಗಣಿಸಿದಲ್ಲಿ ಅಪಾಯವು ಸ್ಥಳ ಬದಲಿಸುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮೊದಲನೆಯದಾಗಿ, ಮನುಷ್ಯರಿಂದ ತೆಗೆದ ಅಧಿಕಾರ ಸ್ವಯಂಚಾಲಿತ ವ್ಯವಸ್ಥೆಗೆ ಸೇರುತ್ತದೆ. ಆ ವ್ಯವಸ್ಥೆಯನ್ನು ಬದಲಿಸಬಲ್ಲವರೇ ನಿಜವಾದ ನಿರ್ವಾಹಕರು. ಆದುದರಿಂದ ಅದಕ್ಕೆ ಅಲ್ಪಾವಧಿಯ ಕೀಲಿ ನೀಡಿ, ಮೀರಲಾಗದ ಗಡಿಯನ್ನು ಮೇಲಿನ ಹಂತದಲ್ಲಿ ನಿಗದಿಪಡಿಸಬೇಕು. ಅಮೆಜಾನ್ ಕ್ಲೌಡ್‌ನಲ್ಲಿ ಸ್ಪಷ್ಟ ನಿರಾಕರಣೆಯು ಯಾವುದೇ ಅನುಮತಿಗಿಂತ ಮೇಲೆ ನಿಲ್ಲುತ್ತದೆ. ‘ದಾಖಲೆ ಪುಸ್ತಕವನ್ನು ಯಾರೂ ಅಳಿಸುವಂತಿಲ್ಲ’ ಎಂಬಂತಹ ನಿಯಮವನ್ನು ಈ ರೀತಿ ವಿಧಿಸಬಹುದು.

ಎರಡನೆಯದಾಗಿ, ಟೆರಾಫಾರ್ಮ್ ಇರಿಸುವ ‘ಸ್ಟೇಟ್’ ಕಡತದಲ್ಲಿ ಗುಪ್ತಪದಗಳು ತೆರೆದ ರೂಪದಲ್ಲಿ ಇರಬಹುದು. ಅದನ್ನು ಎಲ್ಲರೂ ಓದುವ ಸ್ಥಳದಲ್ಲಿ ಇಡಬಾರದು.

ಮೂರನೆಯದಾಗಿ, ಯಾರಾದರೂ ಪರದೆಯ ಮೂಲಕ ನೇರ ಬದಲಾವಣೆ ಮಾಡಿದಲ್ಲಿ ಕಡತಕ್ಕೂ ವಾಸ್ತವಕ್ಕೂ ವ್ಯತ್ಯಾಸ ಉಂಟಾಗುತ್ತದೆ. ಇದನ್ನು ನಿಯತವಾಗಿ ತಾಳೆ ನೋಡಬೇಕು.

ನಾಲ್ಕನೆಯದಾಗಿ, ಓದದೆ ನೀಡುವ ಒಪ್ಪಿಗೆ ಒಪ್ಪಿಗೆಯಲ್ಲ. ಟಿಪ್ಪಣಿ ಓದದೆ ಹಾಕಿದ ಸಹಿಗೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ.

7. ಅನ್ವಯವಾಗುವ ಕಾನೂನುಗಳು

• ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000: ಅನುಮತಿಯಿಲ್ಲದೆ ಗಣಕ ವ್ಯವಸ್ಥೆಯನ್ನು ಪ್ರವೇಶಿಸುವುದು, ದತ್ತಾಂಶ ನಾಶಪಡಿಸುವುದು ಪ್ರಕರಣ 43ರಡಿ ಪರಿಹಾರಕ್ಕೆ ಹೊಣೆಯಾಗಿಸುತ್ತದೆ. ವಂಚನೆಯ ಅಥವಾ ಅಪ್ರಾಮಾಣಿಕ ಉದ್ದೇಶವಿದ್ದಲ್ಲಿ ಪ್ರಕರಣ 66ರಡಿ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.
• ಸರ್ಟ್-ಇನ್ ಸಂಸ್ಥೆಯ ದಿನಾಂಕ 28-04-2022ರ ನಿರ್ದೇಶನಗಳು: ನಿಗದಿತ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು. ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನಗಳ ಕಾಲ ಇರಿಸತಕ್ಕದ್ದು.
• ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023: ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದಲ್ಲಿ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ದತ್ತಾಂಶ ಸೋರಿಕೆಯಾದಲ್ಲಿ ಬಾಧಿತ ವ್ಯಕ್ತಿಗಳಿಗೂ ತಿಳಿಸಬೇಕಾಗುತ್ತದೆ. ನಿಯಮಗಳನ್ನು ನವೆಂಬರ್ 2025ರಲ್ಲಿ ಹೊರಡಿಸಲಾಗಿದ್ದು, ಈ ಹೊಣೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಯಾಗುವಂತೆ ನಿಗದಿಪಡಿಸಲಾಗಿದೆ.

8. ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಇದು ನಿರ್ವಾಹಕರ ಮೇಲಿನ ಅಪನಂಬಿಕೆಯೇ?
ಉತ್ತರ: ಅಲ್ಲ. ದಾಖಲೆ ಅಳಿದುಹೋದಾಗ ಮೊದಲ ಅನುಮಾನ ನಿರ್ವಾಹಕರ ಮೇಲೆಯೇ ಬೀಳುತ್ತದೆ. ಅಧಿಕಾರ ಮಿತವಾಗಿದ್ದು ದಾಖಲೆ ಸರಿಯಿದ್ದಲ್ಲಿ, ತಾವು ಮಾಡದ ಕೆಲಸವನ್ನು ತಾವು ಮಾಡಿಲ್ಲವೆಂದು ತೋರಿಸಲು ಅವರಿಗೆ ಆಧಾರವಿರುತ್ತದೆ.

ಪ್ರಶ್ನೆ: ಸಣ್ಣ ಘಟಕಕ್ಕೆ ಇದರ ವೆಚ್ಚ ಹೊರೆಯಾಗುವುದೇ?
ಉತ್ತರ: ಓಪನ್‌ಟೋಫು ಮುಕ್ತ ತಂತ್ರಾಂಶವಾಗಿದ್ದು ಪರವಾನಗಿ ಶುಲ್ಕವಿಲ್ಲ. ಆರಂಭದಲ್ಲಿ ಕಡತ ಸಿದ್ಧಪಡಿಸುವ ಶ್ರಮ ಹಾಗೂ ಎರಡನೆಯ ವ್ಯಕ್ತಿಯ ಸಮಯವೇ ಮುಖ್ಯ ವೆಚ್ಚ.

ಪ್ರಶ್ನೆ: ನಾನು ಸಾಮಾನ್ಯ ಅರ್ಜಿದಾರ. ನಾನೇನು ಮಾಡಬಹುದು?
ಉತ್ತರ: ತಮ್ಮ ಪಹಣಿ ಮುಂತಾದ ದಾಖಲೆಗಳನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಿ, ಪ್ರತಿಯನ್ನು ಇಟ್ಟುಕೊಳ್ಳಿ. ಕಾರಣ ತಿಳಿಯದ ಬದಲಾವಣೆ ಕಂಡಲ್ಲಿ ಸಂಬಂಧಿಸಿದ ಕಚೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಯಾವ ಆದೇಶದ ಆಧಾರದ ಮೇಲೆ ಬದಲಾವಣೆಯಾಯಿತೆಂದು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೇಳಬಹುದು. ಹಣ ಕಳೆದುಕೊಂಡಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸೂಚನೆ: ಈ ಪುಟವು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಕಾನೂನು ವಿಷಯಗಳಲ್ಲಿ ಅಧಿನಿಯಮ ಹಾಗೂ ಅಧಿಸೂಚನೆಗಳ ಮೂಲಪಾಠವೇ ಅಂತಿಮವಾಗಿರುತ್ತದೆ.