ಅಂತ (ಚಲನಚಿತ್ರ)
ಅಂತ: 1981ರ ಕನ್ನಡ ರಾಜಕೀಯ ಅಪರಾಧ ಚಿತ್ರ. ನಿರ್ದೇಶಕ ಎಸ್.ವಿ. ರಾಜೇಂದ್ರಸಿಂಗ್ ಬಾಬು, ಸಂಗೀತ ಜಿ.ಕೆ. ವೆಂಕಟೇಶ್. 'ಸುಧಾ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ಕಾದಂಬರಿ ಇದರ ಮೂಲ. ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್, ತನ್ನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್‌ನ ವೇಷದಲ್ಲಿ ದುಷ್ಟಕೂಟದೊಳಗೆ ನುಸುಳುತ್ತಾನೆ. ಎರಡೂ ಪಾತ್ರ ಅಂಬರೀಶ್ ಅವರದು.

ಉಗುರು ಕೀಳುವ ಚಿತ್ರಹಿಂಸೆಯ ದೃಶ್ಯದಿಂದಾಗಿ ಇದನ್ನು ಬರೀ ಕ್ರೌರ್ಯದ ಸರಕು ಎಂದವರುಂಟು. ಆಕ್ಷೇಪ ಪೂರ್ತಿ ಸುಳ್ಳಲ್ಲ. ಕ್ಯಾಮೆರಾ ಅಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಕಥೆಯ ಕೆಚ್ಚು ಬೇರೆಡೆ ಇದೆ: ಪಾತಕಿಗಳ ಬೇರು ಅಧಿಕಾರಸ್ಥರ ಅಂಗಳದಲ್ಲೇ ಇದೆಯೆಂದು ಅದು ತೋರಿಸಿತು. ಕೇವಲ ಹೊಡೆದಾಟದ ಚಿತ್ರವಾಗಿದ್ದರೆ ಅದು ಅಷ್ಟು ವಿವಾದ ಎಬ್ಬಿಸುತ್ತಿರಲಿಲ್ಲ. ಲಿಯೊನಾರ್ಡೊ ಶಾಶಾ ಅವರ ಕಾದಂಬರಿಯಿಂದ ಫ್ರಾಂಚೆಸ್ಕೊ ರೋಸಿ 1976ರಲ್ಲಿ ತೆಗೆದ ಇಟಲಿಯ 'ಕದಾವೆರಿ ಎಚೆಲ್ಲೆಂತಿ'ಯೂ ಇಂಥದೇ ನಂಟನ್ನು ಬೆನ್ನಟ್ಟುತ್ತದೆ. ಅಲ್ಲಿ ತನಿಖಾಧಿಕಾರಿಯೇ ಕೊಲೆಯಾಗಿ, ಸತ್ಯ ಅವನೊಂದಿಗೆ ಹೂತುಹೋಗುತ್ತದೆ. ಇಲ್ಲಿ ನಾಯಕ ಕಾನೂನನ್ನು ಕೈಗೆತ್ತಿಕೊಳ್ಳುತ್ತಾನೆ. ಪ್ರೇಕ್ಷಕರ ಸಿಟ್ಟಿಗೆ ದಾರಿ ಸಿಕ್ಕಿತು, ನಿಜ. ರಾಜಕೀಯ ವಿಶ್ಲೇಷಣೆಯಾಗಿ ಮಾತ್ರ ರೋಸಿಯ ಕೊನೆಯೇ ಹೆಚ್ಚು ಪ್ರಾಮಾಣಿಕ. ರಾಜೇಂದ್ರಸಿಂಗ್ ಬಾಬು ಅವರೇ 'ಅಂತ'ವನ್ನು ಜಿತೇಂದ್ರ ನಾಯಕತ್ವದಲ್ಲಿ 'ಮೇರಿ ಆವಾಜ್ ಸುನೋ' ಎಂದು ಹಿಂದಿಗೆ ತಂದರು.