ಅರ್ಹತಾಪತ್ರ ಕೇಳಿದವರು

ದಕ್ಷಿಣೇಶ್ವರದ ಕಾಳೀ ದೇವಾಲಯದ ಅಂಗಳದ ವಾಯವ್ಯ ಮೂಲೆಯಲ್ಲಿ ಶ್ರೀರಾಮಕೃಷ್ಣರು ವಾಸವಾಗಿದ್ದ ಕೊಠಡಿಯಿದೆ. ಊರಿನಿಂದ ಬಂದವರನ್ನು ಅಲ್ಲಿಗೆ ಕರೆದೊಯ್ಯುವುದು ಕೋಲ್ಕತ್ತದಲ್ಲಿ ನೌಕರಿಯಲ್ಲಿರುವ ನಮಗೆ ರೂಢಿ. ಕಳೆದ ಸಲ ಜೊತೆಗಿದ್ದವರು ಒಬ್ಬ ಗಾಯಕರು. ಅಮೆರಿಕದಲ್ಲಿ ನೆಲೆಸಲು ‘ಅಸಾಧಾರಣ ಸಾಮರ್ಥ್ಯ’ದ ಆಧಾರದ ಮೇಲೆ ಅರ್ಜಿ ಸಿದ್ಧಪಡಿಸುತ್ತಿದ್ದ ಅವರ ಹೆಗಲ ಚೀಲದಲ್ಲಿ ಪತ್ರಿಕಾ ತುಣುಕುಗಳ ಕಡತವಿತ್ತು.

ನರೇಂದ್ರನಾಥ ದತ್ತನೂ ಪರಮಹಂಸರಿಗೆ ಮೊದಲು ಪರಿಚಯವಾದದ್ದು ಹಾಡುಗಾರನಾಗಿಯೇ. 1881ರಲ್ಲಿ ಭಕ್ತರೊಬ್ಬರ ಮನೆಯಲ್ಲಿ ಅವನ ಹಾಡನ್ನು ಕೇಳಿ ಅವರು ದಕ್ಷಿಣೇಶ್ವರಕ್ಕೆ ಬರಹೇಳಿದರು. 1887ರಲ್ಲಿ ಅವನು ವೈಷ್ಣವಚರಣ ಬಸಾಕರೊಡನೆ ‘ಸಂಗೀತ ಕಲ್ಪತರು’ ಎಂಬ ಗೀತಸಂಗ್ರಹವನ್ನೂ ಹೊರತಂದ. ಗುರುವಿನ ಮುಂದೆ ಹಾಡಲು ಈ ಗ್ರಂಥವೇನೂ ಬೇಕಿರಲಿಲ್ಲ, ಕಂಠ ಸಾಕಾಗಿತ್ತು.

ಪರದೇಶದಲ್ಲಿ ಕಂಠ ಸಾಲಲಿಲ್ಲ. 1892ರಲ್ಲಿ ಮೈಸೂರಿಗೆ ಬಂದ ವಿವೇಕಾನಂದರಿಗೆ ದಿವಾನ್ ಶೇಷಾದ್ರಿ ಅಯ್ಯರ್ ಕೊಚ್ಚಿಯ ದಿವಾನರಿಗೆ ಪರಿಚಯಪತ್ರ ಬರೆದುಕೊಟ್ಟರು. ಚಾಮರಾಜ ಒಡೆಯರು ಅವರ ಧ್ವನಿಯನ್ನು ಫೋನೋಗ್ರಾಫಿನಲ್ಲಿ ಮುದ್ರಿಸಿಕೊಂಡರೆಂದು ಜೀವನಚರಿತ್ರೆ ಹೇಳುತ್ತದೆ. ಆ ಮುದ್ರಣ ಬಹುಕಾಲದ ಹಿಂದೆಯೇ ಅಸ್ಪಷ್ಟವಾಯಿತು. 1893ರ ಮೇ 31ರಂದು ಅವರು ಮುಂಬಯಿಯಿಂದ ಹಡಗು ಹತ್ತಿದರು. (1855ರಲ್ಲಿ ದಕ್ಷಿಣೇಶ್ವರದ ದೇವಾಲಯದ ಪ್ರತಿಷ್ಠೆಯಾದದ್ದೂ ಮೇ 31ರಂದೇ!) ಚಿಕಾಗೋ ತಲುಪಿದ ಮೇಲೆ ತಿಳಿದದ್ದು ಇಷ್ಟು: ಸರ್ವಧರ್ಮ ಸಮ್ಮೇಳನದ ಪ್ರತಿನಿಧಿಗೆ ಸಂಸ್ಥೆಯೊಂದರ ಅರ್ಹತಾಪತ್ರ ಬೇಕು, ನೋಂದಣಿಯ ಅವಧಿಯೂ ಮುಗಿದಿದೆ. ಹಾರ್ವರ್ಡಿನ ಗ್ರೀಕ್ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್ ಪತ್ರ ಬರೆದುಕೊಟ್ಟ ಮೇಲೆ ದಾರಿ ತೆರೆಯಿತು. ಆದರೆ ಚಿಕಾಗೋಗೆ ಮರಳಿದಾಗ ಸಮಿತಿಯ ವಿಳಾಸವೇ ಕಳೆದುಹೋಗಿತ್ತು. ಹೇಲ್ ಎಂಬ ಗೃಹಿಣಿ ಕೈಹಿಡಿಯದಿದ್ದರೆ ಸೆಪ್ಟೆಂಬರ್ 11ರ ಭಾಷಣ ನಡೆಯುತ್ತಿತ್ತೋ ಇಲ್ಲವೋ.

ಅರ್ಹತಾಪತ್ರ ಕೇಳಿದ್ದು ಸಮ್ಮೇಳನವೇ ಹೊರತು ಅಮೆರಿಕ ಸರ್ಕಾರವಲ್ಲ. ಗುತ್ತಿಗೆ ಕಾರ್ಮಿಕರನ್ನು ತಡೆಯಲು ಮಾಡಿದ 1885ರ ಕಾನೂನೂ ನಟರು, ಕಲಾವಿದರು, ಉಪನ್ಯಾಸಕರು, ಗಾಯಕರಿಗೆ ವಿನಾಯಿತಿ ನೀಡಿತ್ತು. 1917ರಲ್ಲಿ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿದಾಗಲೂ ಲೇಖಕರಿಗೂ ಕಲಾವಿದರಿಗೂ ಒಂದು ಕಿಂಡಿ ಉಳಿಯಿತು. ಉದಯಶಂಕರರ ತಂಡ 1932ರ ಕೊನೆಗೆ ನ್ಯೂಯಾರ್ಕಿನಲ್ಲಿ ನರ್ತಿಸಿದ್ದು ಅಂಥ ಕಾಲದಲ್ಲಿಯೇ. 1965ರ ತಿದ್ದುಪಡಿ ಕಲೆಯಲ್ಲಿ ‘ವಿಶೇಷ ಸಾಮರ್ಥ್ಯ’ ಉಳ್ಳವರಿಗೆ ಆದ್ಯತೆ ಕೊಟ್ಟಿತು. ಅದನ್ನು ಆಧರಿಸಿ ಜಾನ್ ಲೆನನ್ 1972ರಲ್ಲಿ ಅರ್ಜಿ ಹಾಕಿದಾಗ ಬಾಬ್ ಡಿಲನ್ ಮೊದಲಾದವರು ಬೆಂಬಲಪತ್ರ ಬರೆದರು. ಲೋಕವೇ ಬಲ್ಲ ಲೆನನ್‌ಗೂ ಗ್ರೀನ್ ಕಾರ್ಡ್ ಸಿಕ್ಕಿದ್ದು 1976ರಲ್ಲಿ. ನಡುವೆ ಗಡೀಪಾರಿನ ಮೊಕದ್ದಮೆ.

ಇಂದಿನ ‘ಅಸಾಧಾರಣ ಸಾಮರ್ಥ್ಯ’ 1990ರ ಕಾನೂನಿನ ಕೂಸು. ಜಾಗತಿಕ ಮನ್ನಣೆಯ ಮಹಾಪ್ರಶಸ್ತಿಯೊಂದು ಇದ್ದರೆ ಸರಿ; ಇಲ್ಲದವರು ಹತ್ತು ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ಪೂರೈಸಬೇಕು. ಇತರ ಪ್ರಶಸ್ತಿಗಳು, ಪ್ರಮುಖ ಪತ್ರಿಕೆಗಳಲ್ಲಿ ಬಂದ ಬರಹ, ತೀರ್ಪುಗಾರಿಕೆ, ಹೆಚ್ಚಿನ ಸಂಭಾವನೆ ಇವೆಲ್ಲ ಅದರಲ್ಲಿ ಸೇರಿವೆ. ಮೂರನ್ನು ದಾಟಿದರೂ ಒಟ್ಟು ಸಾಕ್ಷ್ಯವನ್ನು ಅಧಿಕಾರಿ ಮತ್ತೆ ತೂಗಿ ನೋಡುತ್ತಾನೆ. ಕಡತಗಳ ನಡುವೆ ಬದುಕುವ ನಾವು ಈ ವಿಧಾನವನ್ನು ಪೂರ್ತಿ ಹಳಿಯಲಾರೆವು. ಕಚೇರಿಗೆ ರಾಗ ಕೇಳಿಸುವುದಿಲ್ಲ, ಕಾಗದ ಕಾಣಿಸುತ್ತದೆ. ತೊಂದರೆಯಾಗುವುದು ರಥೋತ್ಸವದ ರಾತ್ರಿಗಳಲ್ಲಿ ಹಾಡಿದವರಿಗೆ, ಜಾತ್ರೆಯಲ್ಲಿ ಕುಣಿದವರಿಗೆ. ಇವರ ಕೀರ್ತಿ ಜನರ ನೆನಪಿನಲ್ಲಿದೆ, ಅಚ್ಚಿನಲ್ಲಿಲ್ಲ. ಸಂಭಾವನೆ ಹಲವು ಸಲ ಶಾಲು, ತೆಂಗಿನಕಾಯಿ, ಬಸ್ ಖರ್ಚು. ಇವನ್ನು ‘ಹೆಚ್ಚಿನ ಸಂಭಾವನೆ’ ಎಂದು ಯಾವ ವಕೀಲನೂ ವಾದಿಸಲಾರ.

ಗಂಗೆಯ ಘಾಟಿನಲ್ಲಿ ಕುಳಿತು ಗಾಯಕರು ಕಡತ ಬಿಡಿಸಿದರು. ಇಪ್ಪತ್ತೆರಡು ವರ್ಷಗಳ ಗಾಯನಕ್ಕೆ ಒಂಬತ್ತು ತುಣುಕುಗಳು, ಎರಡರಲ್ಲಿ ಹೆಸರೇ ತಪ್ಪು. ಗುರುಗಳ ಪತ್ರವಿದೆಯೇ ಎಂದು ಕೇಳಿದೆವು.

“ಅವರು ಪಾಠ ಹೇಳಿಕೊಟ್ಟರು ಸ್ವಾಮಿ, ಪತ್ರ ಬರೆದುಕೊಡಲಿಲ್ಲ. ಈಗ ಅವರೂ ಇಲ್ಲ,” ಎಂದರು.

ಊರ ಉತ್ಸವಗಳ ಹಳೆಯ ಆಹ್ವಾನಪತ್ರಿಕೆಗಳಾದರೂ ಉಳಿದಿರಬಹುದೆಂದು ನಾವು ಸೂಚಿಸಿದೆವು. ಅವುಗಳಲ್ಲಿ ದಿನಾಂಕವಿರುತ್ತದೆ, ಹೆಸರೂ ಅಚ್ಚಾಗಿರುತ್ತದೆ. ಅವರು ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ, ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ನೋಡುವಂತೆ ಹೇಳಿದರು.