ವಿಮಾನವೂ ಎರೆ ನೆಲವೂ

ವಿಮಾನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಆಕಾಶವನ್ನು ನೋಡಿಯೇ ಬರೆದಿದ್ದಾರೆ. ಎಷ್ಟು ಎತ್ತರ ಏರಿದರು, ಎಷ್ಟು ದೂರ ಹಾರಿದರು ಎಂಬ ಲೆಕ್ಕವೇ ಅದರಲ್ಲಿ ಹೆಚ್ಚು. ಹಾರಿದ್ದು ಇಳಿಯಲೇಬೇಕಷ್ಟೆ. ಇಳಿಯುವ ನೆಲದ ಕಥೆಯನ್ನು ಹುಡುಕಹೊರಟರೆ ಕನ್ನಡನಾಡಿನ ಹೆಸರು ಮೊದಲ ಪುಟಗಳಲ್ಲಿಯೇ ಸಿಗುತ್ತದೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಮುಂದೆ ನೆವಿಲ್ ವಿಂಟ್ಸೆಂಟ್ ಎಂಬವರು ಅದನ್ನು ಬಳ್ಳಾರಿಯ ಮೇಲೆ ಹಾಯ್ದು ಮದರಾಸಿಗೆ ಒಯ್ದರು. ವಿಮಾನಕ್ಕೆ ಇದ್ದದ್ದು ಒಂದೇ ಎಂಜಿನ್ನು, ರೇಡಿಯೋ ಇರಲಿಲ್ಲ. ಅಹಮದಾಬಾದಿನಲ್ಲಿ ಪೆಟ್ರೋಲಿನ ಡಬ್ಬಿಗಳು ಎತ್ತಿನ ಬಂಡಿಯಲ್ಲಿ ಬಂದಿದ್ದವು. ಮುಂಬಯಿಯ ಜುಹು ನಿಲ್ದಾಣವೆಂದರೆ ಕಡಲ ಬದಿಯ ಕೆಸರು ಬಯಲು. ಮಳೆಗಾಲದಲ್ಲಿ ಅದು ನೀರಿನಡಿ ಹೋಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಕೆಲಸವನ್ನೆಲ್ಲ ಪುಣೆಗೆ ಸಾಗಿಸಬೇಕಾಗುತ್ತಿತ್ತು.

ನಿಲ್ದಾಣಗಳ ಪಾಡೇ ಹೀಗಿದ್ದಾಗ ನಡುದಾರಿಯ ಮಾತೇನು? ಸಹ್ಯಾದ್ರಿಯನ್ನು ದಾಟಿ ಬಳ್ಳಾರಿಗೆ ಬರುವ ಹಾದಿಯಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭೆಯರ ಬಯಲುಗಳಿವೆ. ಎಂಜಿನ್ನು ಕೆಟ್ಟರೆ ಒಕ್ಕಲಿಗನ ಹೊಲವೇ ಗತಿ.

ಆ ಹೊಲ ಎಂಥದೆಂಬುದನ್ನು ಎಂ.ಕೆ. ಹುಬ್ಬಳ್ಳಿಯ ಕಡೆಯವರಿಗೆ ಹೇಳಬೇಕಾಗಿಲ್ಲ. ಮಲಪ್ರಭೆಯ ದಂಡೆಯ ಈ ಊರಿನಿಂದ ಮೂಡಲಿಗೆ, ಬೈಲಹೊಂಗಲ ಸವದತ್ತಿಗಳತ್ತ ಸಾಗಿದಂತೆ ಎರೆ ಭೂಮಿ ಹರಡಿಕೊಳ್ಳುತ್ತದೆ. ಬೇಸಗೆಯಲ್ಲಿ ಅದು ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಗಾಲಿ ಹುಗಿದರೆ ಎತ್ತು ನಿಲ್ಲುತ್ತದೆ, ಬಂಡಿಯೂ ನಿಲ್ಲುತ್ತದೆ. ವಿಮಾನದ ಗತಿ ಬೇರೆ. ಅಂದಿನ ವಿಮಾನಗಳಿಗೆ ಮುಂದೆ ಎರಡು ಗಾಲಿ, ಬಾಲದಡಿ ಒಂದು ಆಸರೆ. ಗಾಲಿ ತಟ್ಟನೆ ಹಿಡಿದುಕೊಂಡರೆ ಮೇಲಿನ ಭಾರ ಮುಂದಕ್ಕೆ ನುಗ್ಗಿ, ಬಾಲ ಎದ್ದು, ವಿಮಾನ ಮೂಗಿನ ಮೇಲೆ ಮಗುಚುತ್ತದೆ. ವೇಗ ಎರಡರಷ್ಟಾದರೆ ಅಪ್ಪಳಿಸುವ ಬಲ ನಾಲ್ಕರಷ್ಟು. ಆದುದರಿಂದಲೇ ವೈಮಾನಿಕನು ಯಾವುದಾದರೊಂದು ಹೊಗೆಯನ್ನು ನೋಡಿ ಗಾಳಿಯ ದಿಕ್ಕನ್ನರಿತು, ಅದಕ್ಕೆ ಎದುರಾಗಿ ಇಳಿಯುತ್ತಾನೆ.

ಮೇಲಿನಿಂದ ನೋಡಿದರೆ ನೆಲವೆಲ್ಲ ಚಾಪೆ ಹಾಸಿದಂತೆ ಸಮನಾಗಿ ಕಾಣುತ್ತದೆ. ಬದು, ಹಳ್ಳ, ಜೋಳದ ಬೆಳೆಯಲ್ಲಿ ಅಡಗಿದ ಕಲ್ಲು ಕಣ್ಣಿಗೆ ಬೀಳುವ ಹೊತ್ತಿಗೆ ಮತ್ತೆ ಏರಲು ಅವಕಾಶವಿರುವುದಿಲ್ಲ. ಉತ್ತ ಹೊಲವಾದರೆ ಸಾಲಿನ ಉದ್ದಕ್ಕೆ ಇಳಿಯುವುದು ಲೇಸು. ಅಡ್ಡ ಇಳಿದರೆ ಒಂದೊಂದು ಸಾಲೂ ಗಾಲಿಗೆ ಒಂದೊಂದು ಪೆಟ್ಟು. ಸುಖವಾಗಿ ಇಳಿದರೂ ತೊಂದರೆ ಮುಗಿಯದು. ಮೆದು ನೆಲದಲ್ಲಿ ವೇಗ ಕೂಡುವುದು ನಿಧಾನ. ಬಿಸಿಲಿನ ತೆಳುಗಾಳಿಯಲ್ಲಿ ರೆಕ್ಕೆಗೆ ಆಸರೆ ಕಡಿಮೆ. ಇಳಿಯಲು ಸಾಕಾದ ಹೊಲ ಏರಲು ಸಾಲದು.

ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನ ನಿಲ್ದಾಣವಾಯಿತು. ಅಲ್ಲಿಂದ ಈ ಸೀಮೆಗೂ ಸಿದ್ಧಪಡಿಸಿದ ನೆಲ ದೊರೆಯಿತು. ಹಾಗೆಂದು ಹೊಲದ ನಂಟು ಕಡಿಯಲಿಲ್ಲ. 2023ರ ಮೇ 30ರಂದು ಅದೇ ಸಾಂಬ್ರಾದಿಂದ ಹಾರಿದ ಸಣ್ಣ ತರಬೇತಿ ವಿಮಾನವೊಂದು ತೊಂದರೆಗೆ ಸಿಕ್ಕಿ ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿ ಉಳಿದರು.

ತೊಂಬತ್ತು ವರ್ಷಗಳಲ್ಲಿ ಎಂಜಿನ್ನು ಸುಧಾರಿಸಿತು, ರೇಡಿಯೋ ಬಂದಿತು. ಎರೆ ಮಾತ್ರ ಇಂದಿಗೂ ಬೇಸಗೆಗೆ ಬಿರಿಯುತ್ತದೆ, ಮಳೆಗೆ ಮೆತ್ತುತ್ತದೆ. ಯಾವ ತಿಂಗಳಲ್ಲಿ ಯಾವ ಹೊಲ ಗಾಲಿಯನ್ನು ತಾಳೀತೆಂಬುದನ್ನು ಬಂಡಿ ಹೊಡೆದವನು ಬಲ್ಲ. ಎಂಜಿನ್ನು ನಿಂತ ಗಳಿಗೆಯಲ್ಲಿ ವೈಮಾನಿಕನಿಗೆ ಬೇಕಾಗುವ ವಿದ್ಯೆಯೂ ಅದೇ.